ಲಾಂಡ್ರಿ ಅಳಿಯನೂ ನಾಣ್ಯದ ಮೂಗೂ

ಆ ಬೀದಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ‘ಲಾಂಡ್ರಿ ಅಳಿಯ’. ಲಾಂಡ್ರಿ ಅವನ ಅತ್ತೆಯದು. ಕೆಳಗೆ ಒಗೆಯುವ ತೊಟ್ಟಿಗಳು, ಇಸ್ತ್ರಿ ಮೇಜು, ಬಟ್ಟೆಗಂಟು ಜೋಡಿಸಿಡುವ ಗೂಡುಗಳು; ನಡುವಿನ ಮಹಡಿಯಲ್ಲಿ ಮನೆ; ಅದರ ಮೇಲೆ, ಮಳೆ ಬಂದಾಗ ಬಟ್ಟೆ ಒಣಗಿಸಲೆಂದು ಕಟ್ಟಿಸಿದ ಉದ್ದನೆಯ ತಗಡಿನ ಕೋಣೆ. ಮದುವೆಯಾದ ಹೊಸದರಲ್ಲಿ ಅಳಿಯ ಆ ಕೋಣೆಯ ಒಂದು ಮೂಲೆಯನ್ನು ಕೇಳಿ ಪಡೆದಿದ್ದ. ವರ್ಷ ತಿರುಗುವುದರೊಳಗೆ ಬಟ್ಟೆಗಳು ಮೂಲೆ ಸೇರಿದ್ದವು, ಮಿಕ್ಕ ಜಾಗದ ತುಂಬ ಅವನ ಚಿತ್ರಗಳಿದ್ದವು.

ಚಿತ್ರ ಎಂದರೆ ಮನೆ, ಮರ, ಮನುಷ್ಯರಲ್ಲ. ಬಾಗಿಲಿನಷ್ಟು ದೊಡ್ಡ ಬಟ್ಟೆಯ ತುಂಬ ಹಳದಿ, ಅದರೊಳಗೆ ಎಲ್ಲೋ ಒಂದು ಬೂದು ಪಟ್ಟೆ. ಇಲ್ಲವೇ ನೀಲಿಯ ಮೇಲೆ ನೀಲಿ ಬಳಿದು, ಕೆರೆದು, ಮತ್ತೆ ಬಳಿದದ್ದು. ತಲೆ ಯಾವುದು ಬುಡ ಯಾವುದು ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಅವನೇ ಚಿತ್ರವನ್ನು ತಲೆಕೆಳಗು ಮಾಡಿ ಇಟ್ಟು, ಹೀಗೇ ಚೆನ್ನಾಗಿದೆ ಎಂದು ಬಿಟ್ಟುಬಿಡುತ್ತಿದ್ದ. ವರ್ಷಗಟ್ಟಲೆ ಯಾರೂ ಬಂದು ಒಯ್ಯದೆ ಉಳಿದ ಹಾಸಿಗೆ ಹಾಸುಗಳೇ ಅವನಿಗೆ ಕ್ಯಾನ್ವಾಸು. ಒಂದು ಸಲ ಮಾತ್ರ, ಎಂದೋ ಊರು ಬಿಟ್ಟಿದ್ದ ಗಿರಾಕಿಯೊಬ್ಬ ಹಳೆಯ ಚೀಟಿ ಹಿಡಿದುಕೊಂಡು ಬಂದು ತನ್ನ ಹಾಸು ಕೇಳಿದ. ಅತ್ತೆ ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ಕೆಂಪು ಚಿತ್ರವೊಂದನ್ನು ತೋರಿಸಿದಳು.

‘ಅದೇ ನಿಮ್ಮದು. ಬೇಕಾದ್ರೆ ಒಗೆದು ಕೊಡ್ತೀನಿ.’

ಗಿರಾಕಿ ಸ್ವಲ್ಪ ಹೊತ್ತು ನೋಡಿ, ಬೇಡ ಎಂದು ಇಳಿದುಹೋದ.

ಲಾಂಡ್ರಿ ಅಳಿಯನ ಅಪ್ಪ ಅಂಗಡಿ ಬೋರ್ಡು ಬರೆಯುವವನು. ಮಗ ಬಣ್ಣದ ಡಬ್ಬಿಗಳ ನಡುವೆಯೇ ಅಂಬೆಗಾಲಿಟ್ಟು, ಮೀಸೆ ಮೂಡುವ ಹೊತ್ತಿಗೆ ಅಕ್ಷರಕ್ಕೆ ನೆರಳು ಕೊಡುವುದರಲ್ಲಿ ಅಪ್ಪನನ್ನೇ ಮೀರಿಸಿದ್ದ. ಅಂಗಡಿ ಕೈ ಬದಲಾದಾಗ ಹಳೆಯ ಬೋರ್ಡನ್ನು ಉಜ್ಜಿ, ಅದರ ಮೇಲೆಯೇ ಹೊಸ ಹೆಸರು ಬರೆಯುವುದು ವಾಡಿಕೆ. ಒಂದು ದಿನ ಔಷಧಿ ಅಂಗಡಿಯ ಬೋರ್ಡು ಉಜ್ಜಲು ಕೂತ ಹುಡುಗ ಅರ್ಧಕ್ಕೇ ನಿಲ್ಲಿಸಿದ. ಹಸಿರು ಅಕ್ಷರಗಳು ಅಳಿಸಿಹೋಗಿ ಅದರಡಿಯ ಹಳೆಯ ಕೆಂಪು ಇಣುಕುತ್ತಿತ್ತು, ಕೆಂಪಿನಡಿ ಇನ್ನೂ ಹಳೆಯ ಬಿಳಿ.

‘ಯಾಕೋ ನಿಲ್ಸಿದೆ?’ ಅಂದ ಅಪ್ಪ.

‘ಇದು ಹೀಗೇ ಇರ್ಲಿ ಅಪ್ಪ. ಚೆನ್ನಾಗಿದೆ.’

‘ಏನು ಚೆನ್ನಾಗಿದೆ? ಓದೋಕೆ ಏನೂ ಉಳಿದಿಲ್ವಲ್ಲೋ.’

‘ಅದಕ್ಕೇ.’

ಅಪ್ಪ ಬಯ್ಯಲಿಲ್ಲ. ಔಷಧಿ ಅಂಗಡಿಗೆ ಬೇರೆ ಹಲಗೆ ತಂದು ಬರೆದು, ಅರ್ಧ ಉಜ್ಜಿದ ಹಲಗೆಯನ್ನು ಮಗನ ಮಂಚದ ಹತ್ತಿರ ತೂಗುಹಾಕಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೆಂಟರು ನಕ್ಕರು. ಮಗ ಅಂದಿನಿಂದ ಹಗಲು ಬೋರ್ಡು, ಸಂಜೆ ಓದಲು ಬಾರದ ಚಿತ್ರ ಎಂದು ಎರಡು ದೋಣಿಯಲ್ಲಿ ಕಾಲಿಟ್ಟವನು ಬಹಳ ಕಾಲ ಯಾವ ದೋಣಿಯಿಂದಲೂ ಕಾಲು ತೆಗೆಯಲಿಲ್ಲ.

ಅವನ ಮದುವೆಗೆ ಕಾರಣ ಒಂದು ಹಲ್ಲು. ಏಣಿಯ ಮೇಲೆ ನಿಂತಾಗ ಒಂದು ಕುಂಚ ಕೈಯಲ್ಲಿ, ಇನ್ನೊಂದು ಬಾಯಲ್ಲಿ ಕಚ್ಚಿಕೊಳ್ಳುವುದು ಅವನ ಅಭ್ಯಾಸ. ಹಾಗೆ ಕಚ್ಚೀ ಕಚ್ಚೀ ಒಂದು ದಿನ ಮುಂದಿನ ಹಲ್ಲು ಮುರಿಯಿತು. ಹಲ್ಲಿನ ಡಾಕ್ಟರ ಷಾಪಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುವ ಹುಡುಗಿಯೊಬ್ಬಳಿದ್ದಳು. ಅವಳು ಕಿಟಕಿಯ ಬೆಳಕಿಗೆ ಅವನ ಗದ್ದ ತಿರುಗಿಸಿ, ಹಲ್ಲಿನ ಬಣ್ಣದ ಮಾದರಿಗಳನ್ನು ಒಂದೊಂದಾಗಿ ಹಿಡಿದು ನೋಡಿದಳು.

‘ನಿಮ್ಮದು ಬಿಳಿ ಅಲ್ಲ. ಬೆಣ್ಣೆ ಬಿಳಿ, ಅದಕ್ಕೆ ಒಂಚೂರು ಬೂದಿ ಬೆರೆತಿದೆ.’

ಬಿಳಿಯಲ್ಲಿ ಇಷ್ಟು ಬಗೆ ಕಾಣುವ ಇನ್ನೊಬ್ಬರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಹಲ್ಲು ಕೂರಿಸಿಕೊಂಡು ಹೋದವನು, ಬಣ್ಣ ಸ್ವಲ್ಪ ಹೆಚ್ಚಾಯಿತೆಂದು ಒಮ್ಮೆ ಬಂದ, ಸ್ವಲ್ಪ ಕಡಿಮೆಯಾಯಿತೆಂದು ಇನ್ನೊಮ್ಮೆ ಬಂದ. ಮತ್ತೂ ಒಮ್ಮೆ ಬಂದಾಗ ಅವಳು ಕೈ ತೊಳೆದುಕೊಂಡು ಎದುರಿಗೆ ಕೂತಳು.

‘ಹಲ್ಲಿಗೇನೂ ಆಗಿಲ್ಲ. ಬೇರೆ ಏನಾದ್ರೂ ಹೇಳೋದಿದ್ರೆ ಹೇಳ್ಬಿಡಿ. ಹೊರಗೆ ನೋವಿರೋ ಜನ ಕಾಯ್ತಿದಾರೆ.’

ಅವನು ಹೇಳಿದ. ಅವಳು ಒಪ್ಪಿದಳು. ಒಂದೇ ಷರತ್ತು: ಅಮ್ಮನನ್ನು ಬಿಟ್ಟು ತಾನು ಬರುವುದಿಲ್ಲ, ಅವನೇ ಬರಬೇಕು. ಹೀಗೆ ಬೋರ್ಡಿನವನ ಮಗ ಮನೆ ಅಳಿಯನಾಗಿ ಆ ಬೀದಿಗೆ ಬಂದ.

ಅತ್ತೆಯ ವಿಷಯ ಹೇಳುವಾಗ ಮೂಗಿನಿಂದಲೇ ಶುರು ಮಾಡಬೇಕು. ಬೀದಿಯ ಜನ, ‘ಮೊದಲು ಮೂಗು ಬರುತ್ತೆ, ಹಿಂದಿನಿಂದ ಲಾಂಡ್ರಿಯಮ್ಮ ಬರ್ತಾರೆ’ ಎನ್ನುತ್ತಿದ್ದರು, ಆಕೆಗೆ ಕೇಳಿಸದಷ್ಟು ದೂರದಲ್ಲಿ. ಗಂಡ ತೀರಿಕೊಂಡ ಮೇಲೆ ಒಂದು ತೊಟ್ಟಿ, ಒಂದು ಇದ್ದಿಲ ಇಸ್ತ್ರಿಪೆಟ್ಟಿಗೆಯಿಂದ ಲಾಂಡ್ರಿ ಕಟ್ಟಿದವಳು. ಮೂಗಿನ ನೇರಕ್ಕೇ ಮಾತಾಡುವವಳು. ಆದರೆ ಅಳಿಯ ಎಂದರೆ ಅಳಿಯ, ಅವನಿಗೆ ಕೊಡುವ ಮರ್ಯಾದೆಯಲ್ಲಿ ಒಂದು ಗುಲಗಂಜಿ ಕಡಿಮೆಯಾಗಬಾರದು. ಹಾಗಾಗಿ ಆಕೆಯ ಚುಚ್ಚುಮಾತೆಲ್ಲ ಬಹುವಚನದಲ್ಲೇ ಬರುತ್ತಿತ್ತು.

‘ಅಳಿಯಂದ್ರು ಮೇಲೇನೋ ಹಸಿರು ಬಳಿದಿದಾರೆ. ತುಂಬ ಚೆನ್ನಾಗಿದೆ. ನೋಡಿ ಬಂದಾಗಿನಿಂದ ತಲೆ ಸುತ್ತು.’

ಪದಕ ಮಾಡುವ ಕೆಲಸವೊಂದು ಅವನಿಗೆ ಬಂದದ್ದೂ ಹಲ್ಲಿನ ಡಾಕ್ಟರ ಕಡೆಯಿಂದ. ಡಾಕ್ಟರು ಈಜು ಸಂಘದ ಕಾರ್ಯದರ್ಶಿ. ಮಕ್ಕಳ ಸ್ಪರ್ಧೆಗೆ ಒಂದು ಪದಕ ಬೇಕಿತ್ತು, ಪೇಟೆಯಲ್ಲಿ ಸಿಗುವುದೆಲ್ಲ ಒಂದೇ ಥರ. ‘ನಿಮ್ಮೆಜಮಾನ್ರು ಚಿತ್ರ ಬರೀತಾರಂತಲ್ಲಮ್ಮ’ ಅಂದರು. ಹೆಂಡತಿ ಷಾಪಿನಿಂದ ಕಟ್ಟುಹಲ್ಲಿನ ಅಚ್ಚಿಗೆ ಬಳಸುವ ನುಣುಪು ಪ್ಲಾಸ್ಟರು ತಂದಳು. ಜೇಡಿಮಣ್ಣಿನಲ್ಲಿ ಮೊದಲು ರೂಪ ಮಾಡುವುದು, ಅದರ ಮೇಲೆ ಪ್ಲಾಸ್ಟರು ಹುಯ್ಯುವುದು, ಗಾಳಿಗುಳ್ಳೆ ಉಳಿಯದಂತೆ ಮೇಜನ್ನು ಮೆಲ್ಲಗೆ ತಟ್ಟುವುದು, ಎಲ್ಲವನ್ನೂ ಅವಳೇ ಕಲಿಸಿಕೊಟ್ಟಳು. ಅದುವರೆಗೆ ಬಣ್ಣ ಬಿಟ್ಟು ಬೇರೆ ಕಾಣದವನಿಗೆ ಉಬ್ಬು ತಗ್ಗು ಎಂಬ ಹೊಸ ಹುಚ್ಚು ಹಿಡಿಯಿತು. ಬಣ್ಣವೇ ಇಲ್ಲದ ಬಿಳಿ ಬಿಲ್ಲೆಯನ್ನು ಕಿಟಕಿಗೆ ಹಿಡಿದರೆ ಬೆಳಕೇ ಬಂದು ಬಣ್ಣ ಹಾಕಿ ಹೋಗುತ್ತಿತ್ತು.

ಪದಕದಲ್ಲಿ ಅವನು ಮಾಡಿದ್ದು ಬರೀ ನೀರು. ನಡುವೆ ಒಂದು ಕಡೆ ನೀರು ಸೀಳಿ, ಸುತ್ತ ಎದ್ದು, ಇನ್ನೇನು ಮುಚ್ಚಿಕೊಳ್ಳುವುದರಲ್ಲಿದೆ. ಡಾಕ್ಟರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

‘ಈಜೋನು ಎಲ್ಲಿ?’

‘ಈಗ ತಾನೇ ಧುಮುಕಿದಾನೆ. ಒಳಗಿದಾನೆ.’

ಸಂಘದವರು ಮೂಗು ಮುರಿದರೂ ಬೇರೆ ಮಾಡಿಸಲು ಹೊತ್ತಿರಲಿಲ್ಲ, ಅದನ್ನೇ ಹಂಚಿದರು. ಮಕ್ಕಳಿಗೆ ಅದು ಬಲು ಇಷ್ಟವಾಯಿತು. ಒಳಗಿರುವವನು ಯಾರೆಂದು ಬರೆದಿಲ್ಲವಲ್ಲ, ಗೆದ್ದವರೆಲ್ಲ ತಾನೇ ಎಂದುಕೊಂಡರು. ಗೆದ್ದ ಹುಡುಗಿಯೊಬ್ಬಳ ತಾತ ಟಂಕಸಾಲೆಯ ದೊಡ್ಡ ಅಧಿಕಾರಿ. ಮೊಮ್ಮಗಳ ಕೊರಳಿನ ಪದಕವನ್ನು ಬಿಚ್ಚಿಸಿ ನೋಡಿ, ಇದನ್ನು ಮಾಡಿದವನನ್ನು ಕರೆತನ್ನಿ ಅಂದರು. ಹೀಗೆ ಲಾಂಡ್ರಿ ಅಳಿಯ ದೇಶದ ನಾಣ್ಯ ಅಚ್ಚಾಗುವ ಜಾಗದಲ್ಲಿ ನಮೂನೆ ಮಾಡುವವನಾಗಿ ಸೇರಿಕೊಂಡ.

ಕೆಲಸದ ಕೋಣೆ ಚೆನ್ನಾಗಿತ್ತು. ಎತ್ತರದ ಕಿಟಕಿ, ಕಲ್ಲಿನ ಮೇಜು, ಒದ್ದೆ ಬಟ್ಟೆ ಹೊದ್ದ ಜೇಡಿಯ ತೊಟ್ಟಿ. ಅಲ್ಲಿ ನಾಣ್ಯ ಹುಟ್ಟುವುದು ಊಟದ ತಟ್ಟೆಯ ಅಗಲಕ್ಕೆ. ಜೇಡಿಯಿಂದ ಪ್ಲಾಸ್ಟರಿಗೆ, ಪ್ಲಾಸ್ಟರಿನಿಂದ ಗಟ್ಟಿ ಅಚ್ಚಿಗೆ. ಆಮೇಲೆ ಒಂದು ಯಂತ್ರ ಆ ದೊಡ್ಡ ಮುಖವನ್ನು ಮೊಂಡು ಸೂಜಿಯಿಂದ ನಿಧಾನವಾಗಿ ಸವರುತ್ತ, ಇನ್ನೊಂದು ತುದಿಯಲ್ಲಿ ಅದನ್ನೇ ಉಕ್ಕಿನ ಮೇಲೆ ಪುಟ್ಟದಾಗಿ ಕೊರೆಯುತ್ತಿತ್ತು. ಅತ್ತ ನಾಣ್ಯ ಒತ್ತುವ ಯಂತ್ರಗಳ ಕೋಣೆಗೆ ಒಬ್ಬ ಮೇಸ್ತ್ರಿ. ಆ ಸದ್ದಿನಲ್ಲೇ ತಲೆ ನೆರೆತವನು, ‘ಊಟ ಆಯ್ತಾ’ ಎಂದು ಕೇಳುವುದನ್ನೂ ಕೂಗಿಯೇ ಕೇಳುತ್ತಿದ್ದ. ಸಂಜೆ ಬಾಗಿಲಲ್ಲಿ ಕಾವಲಿನವನು ಎಲ್ಲರ ಜೋಡು ಬಿಚ್ಚಿಸಿ ಕೊಡವಿ ನೋಡುತ್ತಿದ್ದ. ಲಾಂಡ್ರಿ ಅಳಿಯನ ಜೋಡಿನಿಂದ ದಿನಾ ಒಣಗಿದ ಜೇಡಿ ಉದುರುತ್ತಿತ್ತು. ‘ಇದನ್ನ ಕದ್ದು ಏನ್ಮಾಡ್ತೀರಿ ಸ್ವಾಮಿ’ ಎಂದು ಕಾವಲಿನವನು ದಿನಾ ಅದೇ ತಮಾಷೆ ಮಾಡುತ್ತಿದ್ದ, ಅವನು ದಿನಾ ನಗುತ್ತಿದ್ದ.

ಕೆಲವು ವರ್ಷ ಹೀಗೆ ಪದಕ, ಬಿಲ್ಲೆ, ಸ್ಮರಣೆಯ ಮುದ್ರೆ ಎಂದು ಕಳೆಯಿತು. ಆಮೇಲೆ ಹೊಸ ನಾಣ್ಯದ ಕೆಲಸ ಬಂತು. ರಾಜ ರಾಣಿ ಬೇಡ, ದುಡಿಯುವ ಸಾಮಾನ್ಯ ಹೆಂಗಸಿನ ಮುಖ ಇರಲಿ ಎಂದು ಸಮಿತಿ ತೀರ್ಮಾನಿಸಿತ್ತು. ಹಿಂಬದಿಗೆ ಏನಾದರೂ ಸರಿ. ಕೆಲಸ ಲಾಂಡ್ರಿ ಅಳಿಯನ ಪಾಲಿಗೆ ಬಿತ್ತು. ಅವನು ಮುಖ ಬರೆದು ಯಾವ ಕಾಲವಾಗಿತ್ತೋ.

ಮೊದಲು ಹೆಂಡತಿಯನ್ನು ಕೇಳಿದ.

‘ಬೇಡಪ್ಪ’ ಅಂದಳು. ‘ನನ್ನ ಮುಖ ಕಂಡಕಂಡವರ ಜೇಬಲ್ಲಿ ಕೂತ್ಕೊಂಡು ಓಡಾಡೋದು ನಂಗೆ ಸರಿ ಹೋಗಲ್ಲ ರೀ.’

ಒಂದು ಬೆಳಗ್ಗೆ ಅಂಗಿ ತೆಗೆದುಕೊಳ್ಳಲು ಕೆಳಗಿಳಿದಾಗ ಅತ್ತೆ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು. ಬೀದಿಬಾಗಿಲಿನ ಬೆಳಕು ಮುಖದ ಮೇಲೆ ಬಿದ್ದು, ಹಬೆ ಏಳುತ್ತಿತ್ತು. ಬೀದಿಯವರೆಲ್ಲ ನಗುವ ಆ ಮೂಗು ಬೆಳಕನ್ನು ಎರಡು ಪಾಲು ಮಾಡಿ, ಒಂದು ಕೆನ್ನೆಗೆ ಬಿಸಿಲು, ಇನ್ನೊಂದಕ್ಕೆ ನೆರಳು ಹಂಚಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ತಾನು ಈಕೆಯ ಮುಖವನ್ನು ನೋಡಿಯೇ ಇಲ್ಲ ಎಂದು ಅವನಿಗೆ ಅನ್ನಿಸಿತು. ಹಳೆಯ ರಸೀದಿಯ ಹಿಂದೆ ಗೀಚತೊಡಗಿದ.

‘ಅಳಿಯಂದ್ರೇ, ಅದೇನು ನನ್ನ ನೋಡ್ಕೊಂಡು ಬರೀತಿದೀರಿ? ನಾನು ನಿಮ್ಮ ಚಿತ್ರದ ಥರ ಕಾಣ್ತೀನಾ?’

ಅವನು ತೊದಲುತ್ತ ವಿಷಯ ಹೇಳಿದ. ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಯೋಚನೆ ಮಾಡಿದಳು.

‘ನಾನು ಕೂತ್ರೆ ಗಿರಾಕಿ ಬಟ್ಟೆ ಯಾರು ಮಾಡ್ತಾರೆ? ನಿಂತೇ ಇರ್ತೀನಿ, ನೀವು ಬೇಕಾದ್ರೆ ಕೂತ್ಕೊಳ್ಳಿ. ಇನ್ನೊಂದು. ಮುಖ ಮುಂದಿನಿಂದ ಇರ್ಬೇಕು. ಪಕ್ಕದಿಂದ ಫೋಟೋ ಹಿಡಿಯೋದು ಪೊಲೀಸರು, ಕಳ್ಳರದ್ದು.’

ನಾಣ್ಯದಲ್ಲಿ ಮುಖವನ್ನು ಪಕ್ಕದಿಂದ ತೋರಿಸುವುದು ಹಳೆಯ ಪದ್ಧತಿ, ಅದಕ್ಕೊಂದು ಕಾರಣ ಇರುತ್ತದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಅತ್ತೆಗೆ ಎದುರಾಡುವ ಅಭ್ಯಾಸ ಅವನಿಗಿರಲಿಲ್ಲ. ಎದುರಿನಿಂದಲೇ ಮಾಡಿದರೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದ ಹಾಗಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುಂದಿನ ವಾರಗಳಲ್ಲಿ ಅವನು ಬೆಳಗಿನ ಹೊತ್ತು ಲಾಂಡ್ರಿಯ ಸ್ಟೂಲಿನ ಮೇಲೆ ಜೇಡಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಬಟ್ಟೆ ಕೊಡಲು ಬಂದವರು ಒಂದು ಮಾತು ಸೇರಿಸಿಯೇ ಹೋಗುತ್ತಿದ್ದರು. ಅತ್ತೆಗೂ ಅಳಿಯನಿಗೂ ಅದುವರೆಗೆ ಊಟ, ಅಂಗಿ, ಬಾಗಿಲು ಇವಿಷ್ಟರ ಮೇಲೆಯೇ ಮಾತು ನಡೆದಿದ್ದದ್ದು. ಈಗ ಬೇರೆ ಮಾತೂ ಬಂತು. ಯಾರ ಅಂಗಿಯ ಕಾಲರು ಎಷ್ಟು ಸವೆದಿದೆ, ಯಾರ ಮನೆಯ ದಿಂಬಿನ ಚೀಲ ಒದ್ದೆಯಾಗಿ ಬರುತ್ತದೆ ಎಂಬುದೆಲ್ಲ ಆಕೆಗೆ ಗೊತ್ತಿತ್ತು, ಆದರೆ ಒಂದೂ ಆಕೆಯ ಬಾಯಿಂದ ಬೀದಿಗೆ ಹೋಗಿರಲಿಲ್ಲ. ಒಂದು ದಿನ ಆಕೆಯೇ ಕೇಳಿದಳು.

‘ಅಲ್ಲ, ಮೇಲೆ ಬರೀತೀರಲ್ಲ, ಅದು ಮುಗೀತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’

ಯಾವ ಪಂಡಿತರೂ ಅವನನ್ನು ಕೇಳಿರದ ಪ್ರಶ್ನೆ ಅದು. ಅವನು ಬೆರಳಿನ ಜೇಡಿ ಒರೆಸಿಕೊಂಡು ಯೋಚಿಸಿದ.

‘ಗೊತ್ತಾಗಲ್ಲ ಅತ್ತೆ. ಇನ್ನು ಮುಟ್ಟಿದ್ರೆ ಕೆಡುತ್ತೆ ಅನ್ನೋ ಭಯ ಬಂದಾಗ ನಿಲ್ಲಿಸ್ತೀನಿ. ಎಷ್ಟೋ ಸಲ ಆ ಭಯ ತಡವಾಗಿ ಬರುತ್ತೆ.’

‘ಹಾಗಾದ್ರೆ ತಡವಾಗಿದ್ದು ಅದೇ, ನಂಗೆ ತಲೆ ಸುತ್ತಿಸಿದ ಹಸಿರದ್ದು’ ಅಂದಳು ಅತ್ತೆ, ಅಂಗಿಯ ತೋಳು ತಿರುಗಿಸುತ್ತ. ಹೌದು, ಅದೇ ಹಸಿರದ್ದು ಎಂದು ಅವನು ಒಪ್ಪಿಕೊಂಡ.

ಹಿಂಬದಿಗೆ ಅವನು ಮೇಜಿನ ಮೇಲೆ ಬಿದ್ದಿದ್ದ, ಇಸ್ತ್ರಿಯಾಗದ ಹಾಸಿನ ಸುಕ್ಕುಗಳನ್ನು ತೆಗೆದುಕೊಂಡ. ಬಾಗಿದ ನಾಲ್ಕಾರು ಗೆರೆ, ಮತ್ತೇನಿಲ್ಲ. ಎರಡೂ ಬಿಲ್ಲೆಗಳನ್ನು ಸಮಿತಿಯ ಮುಂದಿಟ್ಟ. ಅಧ್ಯಕ್ಷರು ಮುಖ ನೋಡಿ ಕೆಮ್ಮಿದರು.

‘ಎಲ್ಲ ಸರಿ. ಮೂಗು ಸ್ವಲ್ಪ ಜಾಸ್ತಿ ಆಯ್ತೇನೋ.’

‘ಇರೋದೇ ಅಷ್ಟು, ಸರ್.’

‘ಇರ್ಲಿ ಬಿಡಿ’ ಅಂದರು ಸಮಿತಿಯಲ್ಲಿದ್ದ ಒಬ್ಬರೇ ಹೆಂಗಸು. ‘ಕೆಲಸ ಮಾಡೋರ ಮುಖ ಗೊಂಬೆ ಥರ ಇರುತ್ತಾ?’

ಆಮೇಲೆ ಅವನು ಹಿಂಬದಿಯ ಬಿಲ್ಲೆಯನ್ನು ಮುಂದಕ್ಕೆ ಸರಿಸಿದ. ಬೇಸಾಯದ ಇಲಾಖೆಯವರು ಮುಂದೆ ಬಾಗಿ, ‘ಭೇಷ್, ಉತ್ತ ಹೊಲ’ ಅಂದರು. ಬಂದರಿನ ಇಲಾಖೆಯವರು, ‘ಹೊಲ ಎಲ್ಲಿ ಬಂತು, ಅಲೆ ಅಲ್ವಾ ಅದು’ ಅಂದರು. ರಸ್ತೆ ಇಲಾಖೆಯವರು ಏನೂ ಅನ್ನದೆ, ತಮಗೆ ಗೊತ್ತಿದೆ ಎಂಬಂತೆ ಮುಗುಳ್ನಕ್ಕರು. ‘ನೀವೇ ಹೇಳಿ’ ಎಂದು ಅಧ್ಯಕ್ಷರು ಅವನ ಕಡೆ ತಿರುಗಿದರು.

‘ತಾವೆಲ್ಲ ಹೇಳಿದ್ದು ಅದರಲ್ಲಿದೆ ಸರ್’ ಅಂದ ಲಾಂಡ್ರಿ ಅಳಿಯ. ಸುಳ್ಳೇನೂ ಹೇಳಲಿಲ್ಲ. ಎಲ್ಲರೂ ಒಪ್ಪಿ ಸಹಿ ಹಾಕಿದರು.

ಕಷ್ಟ ಶುರುವಾದದ್ದು ಯಂತ್ರದ ಕೋಣೆಯಲ್ಲಿ. ಪರೀಕ್ಷೆಗೆಂದು ಒತ್ತಿದ ಮೊದಲ ನಾಣ್ಯಗಳನ್ನು ಮೇಸ್ತ್ರಿ ಒಂದರ ಮೇಲೊಂದು ಪೇರಿಸಿದ. ನಾಲ್ಕನೆಯದು ಇಡುವಷ್ಟರಲ್ಲಿ ಜಾರಿ ಬಿದ್ದವು. ಮತ್ತೆ ಪೇರಿಸಿದ, ಮತ್ತೆ ಬಿದ್ದವು. ಒಂದನ್ನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು ಬೆರಳಿನಿಂದ ಚಿಮ್ಮಿದ. ಅದು ಗಿರಗಿರನೆ ತಿರುಗಿತು. ನಾಣ್ಯದ ಸುತ್ತಣ ಅಂಚು ಎಲ್ಲಕ್ಕಿಂತ ಎತ್ತರ ಇರಬೇಕು, ಆಗಲೇ ಅದು ಸಮನಾಗಿ ಕೂರುವುದು. ಇಲ್ಲಿ ಮೂಗು ಅಂಚನ್ನೂ ಮೀರಿ ಮೇಲೆದ್ದಿತ್ತು.

‘ಇದು ನಾಣ್ಯ ಅಲ್ಲ ಸ್ವಾಮಿ, ಬುಗುರಿ’ ಎಂದು ಮೇಸ್ತ್ರಿ ಯಂತ್ರಗಳ ಸದ್ದನ್ನೂ ಮೀರಿ ಕೂಗಿದ. ‘ಯಾರ್ರೀ ಈ ಹೆಂಗಸು? ಒಬ್ಬರ ಜೊತೇಲೂ ಹೊಂದ್ಕೊಂಡು ಕೂರಲ್ಲ ಅಂತಾಳೆ.’

‘ನಮ್ಮತ್ತೆ.’

ಆ ಕೋಣೆಯಲ್ಲಿ ಮೇಸ್ತ್ರಿಯ ದನಿ ತಗ್ಗಿದ್ದನ್ನು ಜನ ಅಂದೇ ಮೊದಲು ಕೇಳಿದ್ದು. ‘ತಪ್ಪು ತಿಳ್ಕೋಬೇಡಿ’ ಅಂದ. ‘ಮೂಗು ಚೆನ್ನಾಗೇ ಇದೆ. ಆದ್ರೆ ಒಂದೋ ಅದನ್ನ ತಗ್ಗಿಸ್ಬೇಕು, ಇಲ್ಲ ಮುಖ ಪಕ್ಕಕ್ಕೆ ತಿರುಗಿಸ್ಬೇಕು. ಬೇರೆ ದಾರಿ ಇಲ್ಲ.’

ಅವನು ಮೂಗನ್ನು ಸವರಿ ತಗ್ಗಿಸಿ ನೋಡಿದ. ಸವರಿದಷ್ಟೂ ಅತ್ತೆ ಅಲ್ಲಿಂದ ಎದ್ದು ಹೋದಳು, ಯಾರೋ ದೂರದ ನೆಂಟಳು ಬಂದು ಕೂತಳು. ಆ ಜೇಡಿಯನ್ನು ಮುದ್ದೆ ಮಾಡಿ ತೊಟ್ಟಿಗೆ ಹಾಕಿದ. ಪಕ್ಕಕ್ಕೆ ತಿರುಗಿಸಿದರೆ ಮೂಗು ಎಷ್ಟು ಉದ್ದವಿದ್ದರೂ ಎತ್ತರವಾಗುವುದಿಲ್ಲ, ಅದರ ಗೆರೆ ಅಂಚಿನ ಕಡೆ ಚಾಚಿಕೊಂಡಿರುತ್ತದೆ, ಅಷ್ಟೇ. ಆದರೆ ಅದನ್ನು ಅತ್ತೆಗೆ ಹೇಳಬೇಕಲ್ಲ.

ರಜೆಯ ದಿನ ಊಟ ಮುಗಿದ ಮೇಲೆ ಹೇಳಿದ. ಅತ್ತೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೇಳಿಸಿಕೊಂಡಳು.

‘ಒಟ್ಟಿನಲ್ಲಿ ನನ್ನ ಮೂಗು ಸರ್ಕಾರಕ್ಕೆ ಅಡ್ಡ ಬಂತು.’

‘ಹಾಗಲ್ಲ ಅತ್ತೆ...’

‘ಚಿಕ್ಕೋಳಿದ್ದಾಗಿಂದ ಕೇಳಿದೀನಿ ಬಿಡಿ. ನಾಣ್ಯದವರೊಬ್ಬರು ಅನ್ನೋದು ಬಾಕಿ ಇತ್ತು.’

ಆ ಹೊತ್ತಿನಿಂದ ಮಾತು ನಿಂತಿತು. ಅವನು ಎದುರಿಗೇ ಇದ್ದರೂ, ‘ಅಳಿಯಂದ್ರಿಗೆ ಹೇಳೇ, ನೀರು ಕಾದಿದೆ’ ಎಂದು ಮಗಳ ಮೂಲಕವೇ ಹೇಳಿ ಕಳಿಸುವಳು. ಅವನ ಅಂಗಿಯ ಕಾಲರಿಗೆ ಬಿದ್ದ ಗಂಜಿ ಎಷ್ಟಿತ್ತೆಂದರೆ, ಅವನು ಟಂಕಸಾಲೆಯಲ್ಲಿ ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಾಗುತ್ತಿತ್ತು. ‘ಕುತ್ತಿಗೆ ಹಿಡ್ಕೊಂಡಿದ್ಯಾ?’ ಎಂದು ಮೇಸ್ತ್ರಿ ಕೂಗಿ ಕೇಳಿದ. ಇವನು ಹೌದೆಂದು ಇಡೀ ಮೈ ಬಗ್ಗಿಸಿದ. ಸಮಿತಿಯಿಂದ ತಾಕೀತು ಬರತೊಡಗಿತ್ತು. ಬೇರೆ ಯಾರನ್ನಾದರೂ ನೋಡಿಕೊಂಡು ಮಾಡಿ ಮುಗಿಸೋಣವೆಂದರೆ ಕೈ ಏಳುತ್ತಿರಲಿಲ್ಲ.

ಹೆಂಡತಿ ಇಬ್ಬರನ್ನೂ ನೋಡೀ ನೋಡೀ ಸಾಕಾಗಿ, ಒಂದು ಸಂಜೆ ಹಲ್ಲಿನ ಷಾಪಿನಿಂದ ಎರಡು ಕೈಗನ್ನಡಿ ತಂದಳು. ಅಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿ, ಒಂದನ್ನು ಎದುರಿಗೆ, ಇನ್ನೊಂದನ್ನು ಕೆನ್ನೆಯ ಪಕ್ಕಕ್ಕೆ ಓರೆಯಾಗಿ ಹಿಡಿದಳು.

‘ಅಮ್ಮ, ನಿನ್ನ ಪಕ್ಕದ ಮುಖ ನೀನು ಯಾವತ್ತಾದ್ರೂ ನೋಡ್ಕೊಂಡಿದೀಯಾ?’

‘ನೋಡೋದೇನಿದೆ ಅದರಲ್ಲಿ. ಊರೆಲ್ಲ ನೋಡಿದೆ.’

‘ಊರು ನೋಡಿದ್ದು ಬಿಡು. ನೀನು ನೋಡು.’

ಅತ್ತೆ ಒಲ್ಲದ ಮನಸ್ಸಿನಿಂದ ಕಣ್ಣು ಹೊರಳಿಸಿದಳು. ಕನ್ನಡಿಯನ್ನು ಮಗಳ ಕೈಯಿಂದ ತಾನೇ ತೆಗೆದುಕೊಂಡು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಮಾಡಿದಳು. ಅಳಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

‘ಇದು ನಮ್ಮಪ್ಪ’ ಅಂದಳು.

ಮಗಳಿಗೆ ಏನೆಂದು ತಿಳಿಯಲಿಲ್ಲ. ಅತ್ತೆ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದಳು. ಆಕೆಯ ಅಪ್ಪ ಕುದುರೆ ಗಾಡಿಯಲ್ಲಿ ಮನೆ ಮನೆಗೆ ಹಾಲು ಹಾಕುತ್ತಿದ್ದ. ಬೆಳಗಿನ ಜಾವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವಳು ಇನ್ನೂ ಚಿಕ್ಕವಳಿದ್ದಾಗಲೇ ತೀರಿಕೊಂಡ. ಒಂದು ಫೋಟೋ ಕೂಡ ಇರಲಿಲ್ಲ.

‘ಅವರ ಪಕ್ಕದಲ್ಲೇ ಕೂರ್ತಿದ್ದೆನಲ್ಲ. ಮುಂದಿನಿಂದ ಮುಖ ಹೇಗಿತ್ತು ಅಂತ ನೆನಪೇ ಇಲ್ಲ ಕಣೇ. ಈ ಕಡೆಯಿಂದ ಮಾತ್ರ ಗೊತ್ತು. ಹೀಗೇ ಇತ್ತು. ಇದೇ ಮೂಗು. ಚಳಿಗೆ ತುದಿ ಕೆಂಪಾಗಿರ್ತಿತ್ತು.’

ಕಿಟಕಿಯ ಬೆಳಕು ಇಳಿಯುವ ತನಕ ಆಕೆ ಕನ್ನಡಿ ಕೆಳಗಿಡಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ವಾರಗಳ ನಂತರ ಮೊದಲ ಸಲ ನೇರವಾಗಿ ಬಾಗಿಲ ಕಡೆ ನೋಡಿದಳು.

‘ಅಳಿಯಂದ್ರೇ, ಪಕ್ಕದಿಂದಲೇ ಹಾಕಿ. ಆದ್ರೆ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡ್ಕೂಡದು.’

ಅವನು ಕಡಿಮೆ ಮಾಡಲಿಲ್ಲ. ಆ ನಾಣ್ಯ ಕಂಡವರಿಗೆ ನೆನಪಿರಬಹುದು: ತುರುಬು ಬಿಗಿದು ಕಟ್ಟಿದ, ಯಾರಿಗೂ ಜಗ್ಗದ ಹೆಂಗಸಿನ ಮುಖ, ಅಂಚಿನವರೆಗೂ ನಡೆದು ಬಂದ ಮೂಗು. ಮೇಸ್ತ್ರಿ ಒಂದರ ಮೇಲೊಂದು ಪೇರಿಸುತ್ತ ಹೋದ. ಕಂಬ ಅವನ ಮೊಣಕೈಯಷ್ಟು ಎತ್ತರವಾದರೂ ಅಲುಗಲಿಲ್ಲ. ‘ಅತ್ತೆ ಒಪ್ಕೊಂಡ್ರು’ ಎಂದು ಕೂಗಿದ್ದು ಹೊರಗಿನ ಕಾವಲಿನವನಿಗೂ ಕೇಳಿಸಿತಂತೆ.

ನಾಣ್ಯ ಚಲಾವಣೆಗೆ ಬಂದಾಗ ಅತ್ತೆ ಯಾರಿಗೂ ಹೇಳಬೇಡಿ ಎಂದು ಮನೆಯವರಿಂದ ಮಾತು ತೆಗೆದುಕೊಂಡಳು. ಹೇಳುವ ಅಗತ್ಯವೇ ಬೀಳಲಿಲ್ಲ. ಆ ಮೂಗನ್ನು ಗುರುತು ಹಿಡಿಯಲು ಬೀದಿಗೆ ಒಂದು ಮಧ್ಯಾಹ್ನ ಸಾಕಾಯಿತು. ಎದುರು ಸಾಲಿನ ಜೋಡು ಹೊಲಿಯುವವನು ನಾಣ್ಯವನ್ನು ಒಂದು ಕಣ್ಣಿಗೆ, ಲಾಂಡ್ರಿಯನ್ನು ಇನ್ನೊಂದು ಕಣ್ಣಿಗೆ ಹಿಡಿದು ನೋಡಿದ, ಆಮೇಲೆ ಪಕ್ಕದ ಅಂಗಡಿಗೆ ಹೋದ. ಮಾರನೆಯ ದಿನದಿಂದ ಕಾರಣವೇ ಇಲ್ಲದೆ ಅಂಗಿ ಇಸ್ತ್ರಿಗೆ ತರುವವರು ಹೆಚ್ಚಾದರು.

‘ನನ್ನನ್ನೇ ತಂದು ನನ್ನ ಕೈಗೇ ಕೊಟ್ಟು, ಚಿಲ್ಲರೆ ಇಲ್ವಾ ಅಂತಾರೆ’ ಎಂದು ಅತ್ತೆ ಗೊಣಗುತ್ತಿದ್ದಳು. ಆದರೆ ತುರುಬನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿದ್ದಳು, ಗಿರಾಕಿ ಬಂದರೆ ಸ್ವಲ್ಪ ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದಳು.

ನಾಣ್ಯದ ಹೆಸರಿನಿಂದ ಲಾಂಡ್ರಿ ಅಳಿಯನಿಗೆ ಒಂದು ಪ್ರದರ್ಶನವೂ ಒದಗಿ ಬಂತು. ಪುರಸಭೆಯ ಸಭಾಂಗಣದಲ್ಲಿ ಚಿತ್ರ ತೂಗುಹಾಕಲು ಕರೆದರು. ಜನ ಮುಖಗಳನ್ನು ನೋಡಲೆಂದು ಬಂದರು, ಹಳದಿಯನ್ನೂ ನೀಲಿಯನ್ನೂ ಕಂಡು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರಂತೆ ನಿಂತರು. ಚಿತ್ರಗಾರ ಕಂಬದ ಮರೆ ಸೇರಿದ. ಎರಡನೆಯ ದಿನ ಅತ್ತೆ ಲಾಂಡ್ರಿಗೆ ಬೀಗ ಹಾಕಿ ಬಂದು ಸಭಾಂಗಣದ ಬಾಗಿಲಲ್ಲಿ ನಿಂತಳು. ನಾಣ್ಯದ ಮುಖವೇ ಎದ್ದು ಬಂದು ಮಾತಾಡಿಸಿದರೆ ಯಾರು ತಾನೇ ತಪ್ಪಿಸಿಕೊಳ್ಳುತ್ತಾರೆ.

‘ಒಳಗೇನಿದೆ ಅಂತ ಹುಡುಕ್ಬೇಡಿ, ನಂಗೂ ಸಿಕ್ಕಿಲ್ಲ’ ಎನ್ನುತ್ತಿದ್ದಳು. ‘ನಿಮ್ಮನೆ ಊಟದ ಕೋಣೆಗೆ ಬೆಳಕು ಬರುತ್ತಾ? ಬರಲ್ವಾ? ಹಾಗಾದ್ರೆ ಈ ಹಳದಿ ತಗೊಳ್ಳಿ. ನೀಲಿ ಬೇಡ, ಚಳಿ ಆಗುತ್ತೆ. ನೀಲಿ ಅವರಿಗಿರ್ಲಿ, ಮಹಡಿ ಮನೆಯವರಿಗೆ. ಬಟ್ಟೆ ಒಳ್ಳೇ ಬಟ್ಟೆ, ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದು.’

ಪರದೆ ಮಾರುವಂತೆ ಮಾರಿದಳು. ಸಂಜೆಯೊಳಗೆ ಅರ್ಧ ಗೋಡೆ ಖಾಲಿ. ಕಲೆಯ ವಿಷಯ ಬರೆಯುವ ಪತ್ರಿಕೆಯವನೊಬ್ಬ ಬಂದು, ಈ ಚಿತ್ರಗಳ ಹಿಂದಿನ ಚಿಂತನೆ ಏನೆಂದು ಆಕೆಯನ್ನೇ ಕೇಳಿದ. ‘ಅದನ್ನ ಕಂಬದ ಹಿಂದೆ ಇರೋರನ್ನ ಕೇಳಿ’ ಅಂದಳು ಅತ್ತೆ. ‘ಕರೆದ್ರೆ ಬರ್ತಾರೆ. ಸ್ವಲ್ಪ ಸಂಕೋಚ.’

ಅತ್ತೆ ತುಂಬಿದ ಬಾಳು ಬಾಳಿ ಹೋದಳು. ಕೊನೆಯ ದಿನದವರೆಗೂ ಅಳಿಯನ ಅಂಗಿಯನ್ನು ಬೇರೆ ಯಾರೂ ಇಸ್ತ್ರಿ ಮಾಡಿದ್ದಿಲ್ಲ. ಆಮೇಲೆ ನಾಣ್ಯವೂ ಬೆಲೆಗಳ ಓಟದಲ್ಲಿ ಹಿಂದೆ ಬಿದ್ದು ಚಲಾವಣೆಯಿಂದ ಹೋಯಿತು. ಅವನು ನಿವೃತ್ತನಾಗಿ, ತಗಡಿನ ಕೋಣೆಯಲ್ಲಿ ಇಡೀ ದಿನ ಬರೆಯುವಷ್ಟು ಬಿಡುವು ಸಿಕ್ಕಿದಾಗ, ಒಂದು ಗೋಡೆಯಷ್ಟು ದೊಡ್ಡ ಚಿತ್ರ ಕೈಗೆತ್ತಿಕೊಂಡ. ಬೆಳಗಿನ ಮಂಜಿನ ಬಣ್ಣ, ಕೆಳಗೆ ಎಲ್ಲೋ ಇಷ್ಟೇ ಇಷ್ಟು ಕೇಸರಿ. ಮುಗಿದ ಮೇಲೆ ನೋಡಿದರೆ ಬಾಗಿಲಲ್ಲಿ ಹಿಡಿಸದು. ಬಡಗಿ ಬಂದು ಕಿಟಕಿಯ ಚೌಕಟ್ಟು ಕಿತ್ತ, ಬೀದಿಯ ಗಂಡಸರು ಹಗ್ಗ ಕಟ್ಟಿ ಇಳಿಸಿದರು, ಹೆಂಡತಿ ಕೆಳಗೆ ನಿಂತು ‘ಎಡಕ್ಕೆ, ಎಡಕ್ಕೆ’ ಎಂದು ಹೇಳುತ್ತಿದ್ದಳು. ಅದನ್ನು ದೊಡ್ಡಾಸ್ಪತ್ರೆಯವರು ರೋಗಿಗಳು ಕಾಯುವ ಕೋಣೆಗೆ ಕೊಂಡಿದ್ದರು.

ಕೆಲವು ದಿನ ಬಿಟ್ಟು, ಅದರ ಮುಂದೆ ಜನ ಏನು ಮಾಡುತ್ತಾರೆ ನೋಡೋಣವೆಂದು ಅವನು ಆಸ್ಪತ್ರೆಗೆ ಹೋಗಿ ರೋಗಿಗಳ ನಡುವೆ ಕೂತ. ಹೆಚ್ಚಿನವರು ನೋಡಲೇ ಇಲ್ಲ. ಒಬ್ಬ ಮುದುಕ ಅದರ ಕಡೆಗೆ ಮುಖ ಮಾಡಿಕೊಂಡು ನಿದ್ದೆ ಹೋದ. ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ ಅಮ್ಮನನ್ನು ಕೇಳಿದಳು.

‘ಅಮ್ಮ, ಅಲ್ಲಿಗೆ ಹೋಗೋಕೆ ಬಸ್ ಇದೆಯಾ?’

‘ಎಲ್ಲಿಗೆ?’

‘ಅಲ್ಲಿಗೆ’ ಎಂದು ಮಗು ಪಟ್ಟಿ ಕಟ್ಟಿದ ಕೈಯನ್ನೇ ಎತ್ತಿ ತೋರಿಸಿತು.

ಅಮ್ಮ ಏನು ಹೇಳಿದಳೆಂದು ಕೇಳಿಸಿಕೊಳ್ಳುವಷ್ಟರಲ್ಲಿ ನರ್ಸಮ್ಮ ಬಂದು ಅವನ ಮುಂದೆ ನಿಂತಳು.

‘ತಾತ, ನಿಮ್ಮ ನಂಬರ್ ಎಷ್ಟು? ಏನಾಗಿದೆ ನಿಮಗೆ?’

‘ನಂಗೇನೂ ಆಗಿಲ್ಲಮ್ಮ. ಚೆನ್ನಾಗಿದೀನಿ.’

‘ಹಾಗಾದ್ರೆ ಜಾಗ ಬಿಡಿ, ಆಗಿರೋರು ಕೂತ್ಕೊಳ್ಳಿ.’

ಅವನು ಎದ್ದು, ಟೋಪಿ ಸರಿಮಾಡಿಕೊಂಡು ಹೊರಟ. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ‘ಬಸ್ ಇದೆ ಅಂತ ಹೇಳ್ಬೇಕಿತ್ತು ರೀ’ ಅಂದಳು, ಕಣ್ಣು ಒರೆಸಿಕೊಳ್ಳುತ್ತ. ಅವನಿಗೂ ಹಾಗೇ ಅನ್ನಿಸಿತು. ಕೈಕಾಲು ತೊಳೆದು ಊಟಕ್ಕೆ ಕೂರಬೇಕೆಂದುಕೊಂಡವನು, ಊಟ ಮರೆತು, ಮೇಲಿನ ಕೋಣೆಗೆ ಹತ್ತಿದ.